ಚಪಳಗಾಂವದ ದಾರಿಯಲ್ಲಿ ‘ಖಾಲಿ’ ನೀರು

ಆ ಮುದುಕ ಕೈ ಮಾಡಿ ಕೆಳಗೆ ತೋರಿಸಿದ್ದನೇ ಇಲ್ಲವೇ ಎಂಬುದು ನನಗೆ ಈಗಲೂ ಖಚಿತವಿಲ್ಲ. ತೋರಿಸಿದ್ದ ಎನ್ನುತ್ತಾಳೆ ನನ್ನ ಹೆಂಡತಿ ಸುಮಾ. ನನಗೆ ನೆನಪಿರುವುದು ಅವನು ಮೊಣಕಾಲು ಕೆರೆದುಕೊಂಡದ್ದು ಮಾತ್ರ. ಸರಿಯಾಗಿ ನಿದ್ದೆಯಿಲ್ಲದವನ ನೆನಪು ಅದು. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಧಾರವಾಡ ಬಿಡುವಾಗ ಎಲ್ಲವೂ ಸರಳವಾಗಿ ಕಂಡಿತ್ತು. ಕೊಲ್ಹಾಪುರದಿಂದ ಬಾಡಿಗೆಗೆ ತಂದ ಕ್ಯಾಂಪರ್ ವ್ಯಾನು. ಒಳಗೆ ಮಲಗುವ ಹಲಗೆ, ಗ್ಯಾಸಿನ ಒಲೆ, ನೀರಿನ ಟ್ಯಾಂಕು. ನಾವಿಬ್ಬರು ಮತ್ತು ಎಂಟು ತಿಂಗಳ ಮಗಳು ಗೌರಿ. ವಿಜಯಪುರ, ಸೊಲ್ಲಾಪುರ ನೋಡಿಕೊಂಡು, ಅಕ್ಕಲಕೋಟೆಯಲ್ಲಿರುವ ಸುಮಾಳ ಮಾವಶಿಗೆ, ಎಂದರೆ ಅವಳ ತಾಯಿಯ ತಂಗಿಗೆ, ಮಗುವನ್ನು ತೋರಿಸಿ ಬರುವುದು. ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂಬುದೇ ಇಂಥ ಗಾಡಿಯ ಸುಖ ಎಂದುಕೊಂಡಿದ್ದೆ. ಮಗುವಿದ್ದರೆ ಎಲ್ಲೆಂದರಲ್ಲಿ ನಿಲ್ಲಿಸಲೇಬೇಕು ಎಂಬುದು ವಿಜಯಪುರ ತಲುಪುವ ಮೊದಲೇ ತಿಳಿಯಿತು.

ಸೊಲ್ಲಾಪುರದಲ್ಲಿ ಚಾದರದ ಅಂಗಡಿಯೊಂದರ ಹಿಂದಿನ ಬಯಲಿನಲ್ಲಿ ರಾತ್ರಿ ಕಳೆದೆವು. ವ್ಯಾನಿನ ತಗಡಿನ ಮಾಡಿನ ಕಾವು ಬೆಳಗಿನವರೆಗೂ ಆರಲಿಲ್ಲ. ಬೆಳಿಗ್ಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಳ್ಳುವಾಗ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅಂಗಡಿಯಾಕೆ ಮರಾಠಿಯಲ್ಲೇ ಉತ್ತರಿಸಿದಳು. ಇನ್ನು ಮುಂದೆ ಮರಾಠಿಯಲ್ಲೇ ಕೇಳುವುದೆಂದು ಕೆಲವು ವಾಕ್ಯ ಬಾಯಿಪಾಠ ಮಾಡಿಕೊಂಡೆ.

ಸುಮಾ ಮಗುವಿಗೆ ಹೇಳಿದಳು: “ನಿಮ್ಮಪ್ಪ ಮರಾಠಿ ಪಂಡಿತ ಆಗ್ಯಾರ ನೋಡವಾ. ಇನ್ನ ನಮ್ಮ ಕೂಡ ಮಾತಾಡ್ತಾರೋ ಇಲ್ಲೋ.”

ಅಕ್ಕಲಕೋಟೆಗೆ ನೇರ ರಸ್ತೆಯಲ್ಲಿ ಸುಮಾರು ನಲವತ್ತು ಕಿಲೋಮೀಟರು. ಅದನ್ನು ಅಗೆದಿದ್ದಾರೆಂದು ಯಾರೋ ಹೇಳಿದ್ದರಿಂದ ಚಪಳಗಾಂವದ ಕಡೆಯಿಂದ ಸುತ್ತು ಹಾಕಿ ಹೊರಟೆವು. ಚಪಳಗಾಂವ ದಾಟಿದ ಮೇಲೆ ಗೌರಿ ವಾಂತಿ ಮಾಡಿದಳು. ತೊಳೆದು ಮುಗಿಸುವಷ್ಟರಲ್ಲಿ ಮತ್ತೆ ಮಾಡಿದಳು. ಬಟ್ಟೆ, ಹಲಗೆ, ಸುಮಾಳ ಸೀರೆ ಎಲ್ಲ ತೊಳೆಯುವಲ್ಲಿ ಟ್ಯಾಂಕು ಬರಿದಾಯಿತು, ಬಾಟಲಿಗಳೂ ಮುಗಿದವು. ಮಗು ಎದೆಹಾಲಿಗೆ ಬಾಯಿ ಹಚ್ಚಲಿಲ್ಲ.

“ಮುಂಜಾನಿಂದ ಚಡ್ಡಿ ಹಸಿ ಆಗಿಲ್ರಿ,” ಎಂದಳು ಸುಮಾ. “ಎಲ್ಲೆರೆ ನೀರ ತರ್ರಿ. ಕುದಿಸಿ ಚಮಚಾದಾಗ ಹಾಕತೀನಿ.”

ಸ್ವಲ್ಪ ಮುಂದೆ ರಸ್ತೆಯ ಪಕ್ಕದಲ್ಲಿ ಒಂದು ಚಹಾದ ಹೋಟೆಲು ಕಂಡಿತು. ಬಾಗಿಲು ಹಾಕಿತ್ತು. ಕಟ್ಟೆಯ ಮೇಲೆ ಮುದುಕನೊಬ್ಬ ಕುಳಿತಿದ್ದ. ಇಳಿದು ಹೋಗಿ ನನ್ನ ಹೊಸ ವಾಕ್ಯ ಪ್ರಯೋಗಿಸಿ ನೀರು ಸಿಗುತ್ತದೆಯೇ ಎಂದು ಕೇಳಿದೆ: “ಪಾಣೀ ಮಿಳೇಲ ಕಾ?”

“ಪಾಣೀ ಖಾಲೀ ಆಹೇ,” ಎಂದ.

ನಾನು ಹಿಂದಿರುಗಿದೆ.

“ಏನಂದಾ?”

“ನೀರು ಖಾಲಿಯಂತೆ.”

“ಇಡೀ ಊರಾಗ?”

ನಾನು ಗಾಡಿ ಹೊರಡಿಸಿದೆ. ಸ್ವಲ್ಪ ಹೊತ್ತಿಗೆ ಮಗುವಿನ ಅಳು ನಿಂತಿತು. ನಿದ್ದೆಯೋ ನಿತ್ರಾಣವೋ ತಿಳಿಯಲಿಲ್ಲ. ಮುಂದೆ ಸಿಕ್ಕ ಹನ್ನೂರು ಎಂಬ ಊರಿನಲ್ಲಿ ಅಂಗಡಿ ಹುಡುಕಿದೆವೆಂದು ನನ್ನ ನೆನಪು. ಹನ್ನೂರಿನಲ್ಲಿ ನಾವು ನಿಲ್ಲಲೇ ಇಲ್ಲ ಎನ್ನುತ್ತಾಳೆ ಸುಮಾ. ಅವಳು ದಾರಿಯುದ್ದಕ್ಕೂ ಮಗುವಿನ ಮೂಗಿನ ಬಳಿ ಬೆರಳು ಹಿಡಿದಿದ್ದಳು. ಅದರ ಬಗ್ಗೆ ನಮ್ಮಿಬ್ಬರ ನೆನಪೂ ಒಂದೇ.

ಅಕ್ಕಲಕೋಟೆಯ ಓಣಿಗಳಲ್ಲಿ ಯಾತ್ರಿಕರ ಗಾಡಿಗಳು. ನಮ್ಮ ವ್ಯಾನು ಮನೆಯವರೆಗೆ ಹೋಗಲಿಲ್ಲ; ಮಗುವನ್ನು ಎತ್ತಿಕೊಂಡು ಓಡಿದೆವು. ಮಾವಶಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಸಕ್ಕರೆ ಹಾಕಿ ಚಮಚದಿಂದ ಕುಡಿಸತೊಡಗಿದರು. ಮೊದಲಿನದು ಗದ್ದಕ್ಕೆ ಇಳಿಯಿತು. ಆಮೇಲಿನದು ಗಂಟಲಿಗೆ ಇಳಿಯಿತು. ಬಹಳ ಹೊತ್ತಿನ ನಂತರ ಗೌರಿಯನ್ನು ನನ್ನ ಕೈಗೆ ಕೊಟ್ಟರು. ಅವಳು ನನ್ನ ಪ್ಯಾಂಟನ್ನು ಪೂರ್ತಿ ತೋಯಿಸಿದಳು. ಸುಮಾ ಗೋಡೆಗೆ ಒರಗಿ ಅತ್ತಳು.

ಆಗ ಮಾವಶಿ ಕೇಳಿದರು: “ಅಲ್ರಿ ಅಳಿಯಾರ, ಅಷ್ಟ ದಾರ್ಯಾಗ ಹನಿ ನೀರ ಸಿಗಲಿಲ್ಲೇನ್ರಿ?”

“ಒಬ್ಬ ಮುದುಕನ್ನ ಕೇಳಿದೆ. ಪಾಣೀ ಖಾಲೀ ಆಹೇ ಅಂದ.”

ಮಾವಶಿ ಹಣೆ ಬಡಿದುಕೊಂಡರು. “ಅಯ್ಯ ಶಿವನ! ಮರಾಠಿ ಖಾಲೀ ಅಂದ್ರ ಕೆಳಗ್ರಿ! ನೀರ ಕೆಳಗೈತಿ ಅಂದಾನ ಅಂವಾ. ಎಂ.ಎ. ಮಾಡಿದ ಅಳಿಯಾರು ಗಾಡಿ ಹೊಡಕೊಂಡು ಬಂದಾರ!” ಅವರು ನಕ್ಕರು. ಸುಮಾ ನಗಲಿಲ್ಲ.

“ಕೈ ಮಾಡಿ ತೋರಸ್ಯಾನ. ಕಿಡಕ್ಯಾಗಿಂದ ನಾ ನೋಡೀನಿ,” ಎಂದಳು.

ಎರಡು ದಿನ ಅಲ್ಲಿದ್ದೆವು. ಗೌರಿ ಮತ್ತೆ ಹಾಲು ಕುಡಿದಳು. ಸುಮಾ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಹೊರಡುವಾಗ ಒಂದೇ ಮಾತು: “ಬಂದ ದಾರೀನ ಹಿಡೀರಿ.”

ಮುದುಕ ಅದೇ ಕಟ್ಟೆಯ ಮೇಲಿದ್ದ. ಈ ಸಲ ಕನ್ನಡದಲ್ಲೇ ಮಾತಾಡಿಸಿದೆ: “ಅಜ್ಜಾ, ಮೊನ್ನೆ ನೀರು ಕೇಳಿದ್ದು ನಾನೇ.”

“ಗುರ್ತ ಐತ್ರಿ. ಕೆಳಗೈತಿ ಅಂದ್ರ ಗಾಡಿ ಬಿಟಗೊಂಡ ಹೋದ್ರಿ. ಸಾಹೇಬ್ರಿಗೆ ನಮ್ಮ ನೀರ ಸೇರಂಗಿಲ್ಲೇನೋ ಅಂದ್ಕೊಂಡೆ.”

“ನಿಮಗೆ ಕನ್ನಡ ಬರ್ತದೇನು?”

“ನಮ್ಮ ಮನಿ ಮಾತ ಕನ್ನಡರಿ! ನೀವ ಮರಾಠಿಯೊಳಗ ಕೇಳಿದ್ರಿ, ಗಾಡಿ ನಂಬರ್ರೂ ಮಹಾರಾಷ್ಟ್ರದ್ದ. ಮರಾಠಿ ಮಂದಿ ಅಂತ ತಿಳದು ಮರಾಠಿಯೊಳಗ ಹೇಳಿದೆ.”

ಹಿಂದೆ ಮಗುವನ್ನೆತ್ತಿಕೊಂಡು ನಿಂತಿದ್ದ ಸುಮಾ ಕೇಳಿದಳು: “ಅಜ್ಜಾರ, ಅವತ್ತು ಕೈ ಮಾಡಿ ತೋರಿಸಿದ್ರಿಲ್ಲೋ?”

ಮುದುಕ ಮೊಣಕಾಲು ಕೆರೆದುಕೊಂಡ. “ಅದೆಲ್ಲಿ ನೆನಪಿರತೈತವಾ.”

ಕೈಯ ವಿಷಯ ಅಲ್ಲಿಗೇ ನಿಂತಿತು. ನೀರಿನ ವಿಷಯವನ್ನು ನಾನೇ ಹೋಗಿ ನೋಡಿದೆ. ಹೋಟೆಲಿನ ಹಿಂದೆ, ರಸ್ತೆಗಿಂತ ಒಂದಾಳು ತಗ್ಗಿನಲ್ಲಿ, ಬೇವಿನ ಮರದ ಬುಡದಲ್ಲಿ ಒಂದು ನಲ್ಲಿ ಇದೆ. ತಿರುಗಿಸಿದೆ. ನೀರು ಬಂತು.