ಮಗ್ಗ ನಿಂತಿದೆ ಕಣಮ್ಮಾ

ಹರ್ಷಿತ ಕೆಟ್ಟ ಹುಡುಗಿಯಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಅವಳ ಕಾಲೇಜಿನ ಹಾಜರಿ ಪುಸ್ತಕ ನೋಡಿದವರು ಬೇರೆಯದನ್ನೇ ಹೇಳುತ್ತಾರೆ. ದೊಡ್ಡಬಳ್ಳಾಪುರದ ನೇಕಾರ ಮುನಿಕೃಷ್ಣನ ಒಬ್ಬಳೇ ಮಗಳು. ಬಿ.ಎಸ್ಸಿ. ಕೊನೆಯ ವರ್ಷ, ಗಣಿತದಲ್ಲಿ ಬಲು ಚೂಟಿ. ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಬೇಕೆಂಬುದೊಂದೇ ಅವಳ ಆಸೆ. ಆ ಮನೆಯಲ್ಲಿ ಅವಳಿಗಿಂತ ಮುಂಚೆ ಯಾರೂ ಹತ್ತನೇ ಕ್ಲಾಸು ದಾಟಿದವರಲ್ಲ.

ಓದಿನ ಜೊತೆಗೆ ಅವಳು ಸೀರೆಯ ಡಿಸೈನ್ ಮಾಡಿಕೊಡುತ್ತಿದ್ದಳು. ಹಳೇ ಲ್ಯಾಪ್‌ಟಾಪಿನಲ್ಲಿ ಚೌಕಗಳನ್ನು ತುಂಬಿ ತುಂಬಿ ಹೂವು, ಬಳ್ಳಿ, ಮಾವಿನಕಾಯಿ ಮೂಡಿಸಿ ಕಳಿಸಿದರೆ, ಮಗ್ಗದವರು ಅದನ್ನು ಪೆನ್‌ಡ್ರೈವಿಗೆ ಹಾಕಿ ಮಗ್ಗದ ಮೇಲಿನ ಪೆಟ್ಟಿಗೆಗೆ ಚುಚ್ಚುವರು, ಸೀರೆಯಲ್ಲಿ ಅದೇ ಹೂವು ಬರುವುದು. ಸಂಬಳವಿಲ್ಲ, ಯಜಮಾನನಿಲ್ಲ, ಕರೆದವರಿಗೆಲ್ಲ ಕೆಲಸ. ಎಂಟು ಹತ್ತು ಮನೆಯವರು ಅವಳನ್ನೇ ನೆಚ್ಚಿಕೊಂಡಿದ್ದರು. ಅದರಲ್ಲಿ ಅವಳ ಅಪ್ಪನೂ ಒಬ್ಬ. ಮುನಿಕೃಷ್ಣ ಸೀರೆ ವ್ಯಾಪಾರಿ ಚೌಡಯ್ಯನಿಂದ ನೂಲು ತಂದು, ಮನೆಯ ಮುಂಗೋಣೆಯ ಎರಡು ಮಗ್ಗದಲ್ಲಿ ನೇಯ್ದು ಕೊಡುವವನು.

ಡಿಸೈನ್ ಮಾಡುವುದೇನೋ ಬಿಡುವಿನಲ್ಲಿ ನಡೆಯುತ್ತಿತ್ತು. ತಪ್ಪು ತಿದ್ದುವುದಕ್ಕೆ ಬಿಡುವು ಕಾಯುವ ಹಾಗಿರಲಿಲ್ಲ. ಹೂವಿನ ಎಸಳೊಳಗೆ ನಡುನಡುವೆ ಒಂದೊಂದು ಚೌಕ ಬಿಟ್ಟು ಜರಿಯನ್ನು ಬಟ್ಟೆಗೆ ಕಟ್ಟಿಹಾಕಬೇಕು. ಮರೆತರೆ ಜರಿ ಉದ್ದಕ್ಕೆ ಸಡಿಲ ಬಿದ್ದು, ಉಟ್ಟವರ ಬಳೆಗೆ ಸಿಕ್ಕಿ ಕಿತ್ತು ಬರುತ್ತದೆ. ಸಾವಿರಾರು ಚೌಕಗಳಲ್ಲಿ ಒಂದೆರಡು ಕಣ್ತಪ್ಪದೆ ಇರುತ್ತವೆಯೇ? ಅದು ಗೊತ್ತಾಗುವುದು ನೇಯಲು ಶುರುಮಾಡಿದ ಮೇಲೆ, ಅದೂ ಸರಿಯಾಗಿ ಪಾಠದ ಹೊತ್ತಿಗೆ. ಆಗ ಅಪ್ಪನ ಫೋನು.

"ಮಗ್ಗ ನಿಂತಿದೆ ಕಣಮ್ಮಾ."

ನೇಕಾರರ ಮನೆಯಲ್ಲಿ ಬೆಳೆದವರಿಗೆ ಅಷ್ಟು ಸಾಕು. ಹಬ್ಬ ಹುಣ್ಣಿಮೆ ಬಿಟ್ಟರೆ ಮಗ್ಗ ನಿಲ್ಲುವುದೆಂದರೆ ಮನೆಗೆ ಸೂತಕ ಬಂದ ಹಾಗೆ. ಹರ್ಷಿತ ಬೆಂಚಿನಿಂದ ಎದ್ದು, ತಲೆ ತಗ್ಗಿಸಿ, ಕ್ಲಾಸಿನ ಬಾಗಿಲಾಚೆ ನಿಂತು ಮಾತಾಡುವಳು.

"ಕ್ಲಾಸ್ ಇತ್ತೇನಮ್ಮಾ?" ಎಂದು ಅಪ್ಪ ಪ್ರತಿ ಸಲ ಕೇಳುವನು.

"ಇಲ್ಲಪ್ಪಾ, ಫ್ರೀ ಪೀರಿಯಡ್ಡು. ಈಗ್ಲೇ ಸರಿಮಾಡಿ ಕಳಿಸ್ತೀನಿ."

ಎಂಥ ಫ್ರೀ ಪೀರಿಯಡ್ಡು, ನನ್ನ ತಲೆ! ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತರೆ ಎರಡು ಪಾಠ ಹೋಯಿತೆಂದೇ ಲೆಕ್ಕ. ಅಪ್ಪನಿಗೆ ಹೂಂ ಅಂದ ಮೇಲೆ ಮಿಕ್ಕ ಮನೆಗಳಿಗೆ ಇಲ್ಲವೆನ್ನುವುದು ಹೇಗೆ? ಐದನೇ ಸೆಮಿಸ್ಟರಿನಲ್ಲಿ ಅವಳು ಕ್ಲಾಸಿನ ಪಾಲಿಗೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವಂತಾದಳು. ಪರೀಕ್ಷೆಗೆ ಹದಿನೈದು ದಿನವಿದೆ ಅನ್ನುವಾಗ ನೋಟಿಸ್ ಬೋರ್ಡಿನಲ್ಲಿ ಹಾಜರಿ ಸಾಲದವರ ಪಟ್ಟಿ ಬಿತ್ತು. ಅದರಲ್ಲಿ ಅವಳ ಹೆಸರಿತ್ತು.

"ನಾಳೆ ನಿಮ್ಮ ತಂದೇನ ಕರ್ಕೊಂಡು ಬಾ," ಅಂದರು ಗಣಿತದ ಮೇಷ್ಟ್ರು ಕಾಂತರಾಜು.

ಮನೆಯಲ್ಲಿ ಅವಳು ಇಷ್ಟೇ ಹೇಳಿದಳು: ಹಾಜರಿ ಕಮ್ಮಿ ಬಿದ್ದಿದೆ, ಮೇಷ್ಟ್ರು ಕರೀತಾರೆ. ಅಪ್ಪ ಬೈಯಲಿಲ್ಲ, ಒಂದು ಮಾತೂ ಕೇಳಲಿಲ್ಲ. ಬೆಳಿಗ್ಗೆ ತಾನೇ ಎರಡೂ ಮಗ್ಗ ನಿಲ್ಲಿಸಿ, ಒಗೆದ ಅಂಗಿ ತೊಟ್ಟು ಗಾಡಿ ತೆಗೆದ.

ಕಾಂತರಾಜು ಮೇಷ್ಟ್ರು ಹಾಜರಿ ಪುಸ್ತಕ ತಿರುಗಿಸಿ ತೋರಿಸಿದರು. "ನಿಮ್ಮ ಮಗಳು ಬುದ್ಧಿವಂತೆ ಕಣ್ರೀ, ಅದಕ್ಕೇ ಹೊಟ್ಟೆ ಉರಿಯೋದು. ಎಪ್ಪತ್ತೈದು ಪರ್ಸೆಂಟ್ ಇರ್ಬೇಕು, ಅರವತ್ತೆರಡಿದೆ. ಹಾಲ್‌ಟಿಕೆಟ್ ಬರಲ್ಲ, ಒಂದು ವರ್ಷ ಹೋಗುತ್ತೆ." ಆಮೇಲೆ ದನಿ ತಗ್ಗಿಸಿ, ಮುಖಕ್ಕೆ ಮುಖ ಕೊಟ್ಟು ಕೇಳಿದರು: "ನಡುವೆ ಏನಾದ್ರೂ ಕಾಯಿಲೆ ಬಿದ್ದಿದ್ಲಾ? ಟೈಫಾಯ್ಡು, ಜಾಂಡೀಸು? ಕಾಯಿಲೆಯವರಿಗೆ ರಿಯಾಯಿತಿ ಉಂಟು, ನೋಡಿ."

ಮೇಷ್ಟ್ರು ಪಾರಾಗಲು ಒಂದು ಬಾಗಿಲು ತೆಗೆದು ಹಿಡಿದಿದ್ದರು. ಹರ್ಷಿತಳಿಗೆ ಅರ್ಥವಾಯಿತು. ಹೂಂ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಮುನಿಕೃಷ್ಣ ಗಾಬರಿಯಿಂದ ಎರಡೂ ಕೈ ಅಡ್ಡ ಆಡಿಸಿದ.

"ಅಯ್ಯಯ್ಯೋ, ಬಿಡ್ತು ಅನ್ನಿ ಸಾರ್! ಕಾಯಿಲೆ ಕಸಾಲೆ ಏನಿಲ್ಲ, ದೇವರ ದಯ. ಗಟ್ಟಿಮುಟ್ಟಾಗಿದ್ದಾಳೆ ನನ್ ಮಗಳು."

ಪಕ್ಕದ ಮೇಜಿನಲ್ಲಿದ್ದ ಗುಮಾಸ್ತ ತಲೆಯೆತ್ತಿ ನೋಡಿದ. ಮೇಷ್ಟ್ರು ನಿಟ್ಟುಸಿರು ಬಿಟ್ಟು ಪುಸ್ತಕ ಮುಚ್ಚಿದರು. ಆಗ ಮುನಿಕೃಷ್ಣನಿಗೆ ಏನಾಯಿತೆಂದು ತಿಳಿಯಿತು. "ಹೊಟ್ಟೆಗಾಕ್ಕೊಳ್ಳಿ ಸಾರ್, ನನಗೆ ತಿಳೀಲಿಲ್ಲ," ಎಂದು ಕೈ ಮುಗಿದ. ಎಲ್ಲರೆದುರು ಆಡಿದ ಮಾತನ್ನು ಮೇಷ್ಟ್ರು ಎಲ್ಲಿ ಮುಚ್ಚಿಟ್ಟಾರು? "ಮುಂದಿನ ವರ್ಷ ನೋಡೋಣ," ಅಂದರು.

ಸೈಕಲ್ ಸ್ಟ್ಯಾಂಡಿಗೆ ಬಂದಾಗ ಹರ್ಷಿತಳಿಗೆ ಅಪ್ಪನನ್ನು ನೋಡಿ ಅಯ್ಯೋ ಅನ್ನಿಸಿತು. ಪಾಪ, ಅವನಿಗೇನು ಗೊತ್ತು?

"ತಪ್ಪು ನಂದೇ ಅಪ್ಪಾ. ಫ್ರೀ ಪೀರಿಯಡ್ಡು ಅಂತ ನಿನಗೆ ಸುಳ್ಳು ಹೇಳ್ತಿದ್ದೆ."

ಮುನಿಕೃಷ್ಣ ಗಾಡಿಯ ಹ್ಯಾಂಡಲ್ ಹಿಡಿದುಕೊಂಡ. "ಗೊತ್ತಿತ್ತಮ್ಮಾ," ಅಂದ.

"ಏನು ಗೊತ್ತಿತ್ತು?"

"ಫೋನಲ್ಲಿ ನಿನ್ ಹಿಂದೆ ಮೇಷ್ಟ್ರು ಪಾಠ ಹೇಳೋದು ಕೇಳಿಸ್ತಿತ್ತು. ಮಗ್ಗ ನಿಂತಿರ್ತಿತ್ತಲ್ಲ, ಮನೆಯೆಲ್ಲಾ ಗಪ್‌ಚಿಪ್ಪು. ಚೆನ್ನಾಗೇ ಕೇಳಿಸ್ತಿತ್ತು."

"ಮತ್ಯಾಕಪ್ಪಾ ದಿನಾ ಕೇಳ್ತಿದ್ದೆ, ಕ್ಲಾಸ್ ಇದೆಯಾ ಅಂತ?"

ಅವನು ಮಗಳ ಮುಖ ನೋಡಲಿಲ್ಲ. "ನೀನು ಕ್ಲಾಸ್ ಇಲ್ಲ ಅನ್ಲಿ ಅಂತ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹರ್ಷಿತಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಅಳುವನ್ನೂ ಸುಟ್ಟುಹಾಕುವಂಥ ಸಿಟ್ಟು. ಅವಳು ಗಾಡಿ ಹತ್ತಲಿಲ್ಲ. ಬ್ಯಾಗು ಹೆಗಲಿಗೇರಿಸಿ ಮನೆ ಕಡೆ ನಡೆದೇ ಹೊರಟಳು. ಮುನಿಕೃಷ್ಣ ಗಾಡಿ ತಳ್ಳಿಕೊಂಡು, ಹತ್ತು ಹೆಜ್ಜೆ ಹಿಂದೆ, ಬೀದಿಯುದ್ದಕ್ಕೂ ಹಾಗೇ ಬಂದ.