ಬೇಕರಿಯವನ ನಾಲಿಗೆ
ಮೂಲೆ ಬೇಕರಿಯವನು ನೆಂಟರ ಮನೆಗೂ ಕೈಚೀಲದಲ್ಲಿ ತಕ್ಕಡಿ ಇಟ್ಟುಕೊಂಡೇ ಹೋಗುತ್ತಾನೆ. ಫಿಟ್ಸ್ ಬರುವ ಮಗಳಿಗೆ ಡಾಕ್ಟರು, “ಮಾತ್ರೆ ಬಿಡಬೇಡಿ, ಸಕ್ಕರೆ ಬಿಡಿಸಿ, ಬೆಣ್ಣೆಯಂಥ ಕೊಬ್ಬಿನ ಊಟ ತೂಗಿ ಕೊಡಿ. ಮೆದುಳಿನ ಉರಿಯೂತ ತಗ್ಗಿ ಫಿಟ್ಸ್ ಕಡಿಮೆಯಾಗಬಹುದು” ಎಂದಾಗಿನಿಂದ ಅವಳ ತಟ್ಟೆಯ ಬೆಣ್ಣೆ, ಮೀನು, ಸೊಪ್ಪು ಎಲ್ಲವನ್ನೂ ಬಂಗಾರದಂತೆ ತೂಗುತ್ತಾನೆ. ಯಾರಾದರೂ ಅವಳತ್ತ ಚಾಕೊಲೇಟು ಚಾಚಿದರೆ ಮರಿ ಕಾಯುವ ತಾಯಿಕೋಳಿಯಂತೆ ಅಡ್ಡ ಬರುತ್ತಾನೆ. ಅವಳಿಗೆಂದು ಮಾಡಿದ ಬಾದಾಮಿ ಹಿಟ್ಟಿನ ಕೇಕು ಮೊದಮೊದಲು ಕಲ್ಲಾಗುತ್ತಿತ್ತು. ಕೊನೆಗೊಮ್ಮೆ ಅವಳು “ಇನ್ನೊಂದು ಚೂರು ಕೊಡಪ್ಪಾ” ಎಂದಾಗ ಹಿಟ್ಟಿನ ಕೈಯಲ್ಲೇ ಕುಣಿದುಬಿಟ್ಟ. ಆದರೆ ಅಂಗಡಿಯ ಕೇಕಿನ ಸಿಹಿ ನೋಡಲು ಮಾತ್ರ ಈಗ ಹೆಂಡತಿಯನ್ನು ಕೂಗುತ್ತಾನೆ. “ನಿಮ್ಮ ನಾಲಿಗೆಗೇನಾಯ್ತು ಯಜಮಾನ್ರೇ?” ಎಂದು ಗಿರಾಕಿಗಳು ರೇಗಿಸಿದರೆ ನಗುತ್ತಾನೆ: “ಮಗಳು ಸಕ್ಕರೆ ಬಿಟ್ಟ ದಿನಾನೇ ನಾನೂ ಬಿಟ್ಟೆ. ಈಗ ಚಿಟಿಕೆ ಹಾಕಿದ್ರೂ ಅತಿ ಸಿಹಿ ಅನ್ಸುತ್ತೆ. ನಾಲಿಗೆ ಅವಳ ಪಾರ್ಟಿ ಸೇರ್ಕೊಂಡುಬಿಟ್ಟಿದೆ ಸ್ವಾಮಿ.”