ಹೈದರ್ ಮುಚ್ಚಳ ಹಾಕದ ಕಂಪ್ಯೂಟರ್

ನನ್ನ ಸೀರೆ ಅಂಗಡಿಯ ಪಕ್ಕದ ಮಳಿಗೆ ಹೈದರನದು. ಮೊದಲು ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದ. ತೊಂಬತ್ತೇಳರ ಹೊತ್ತಿಗೆ ದೊಡ್ಡಬಳ್ಳಾಪುರದ ನಾಲ್ಕಾರು ಮನೆಗಳಿಗೆ ಕಂಪ್ಯೂಟರ್ ಬಂದಾಗ ಅದನ್ನೂ ಕಲಿತ. ನಾನು ಸೀರೆ ಮಾರಿದ ಮೇಲೆ ಗಿರಾಕಿಯ ಮುಖವನ್ನು ಮುಂದಿನ ಹಬ್ಬಕ್ಕೆ ನೋಡಿದರಾಯಿತು. ಅವನಿಗೆ ಆ ಭಾಗ್ಯವಿರಲಿಲ್ಲ. ಒಮ್ಮೆ ಡಬ್ಬ ಮುಟ್ಟಿದನೋ, ಆಮೇಲೆ ಆ ಮನೆಯಲ್ಲಿ ಕರೆಂಟ್ ಹೋದರೂ ಹೈದರನೇ ಕಾರಣ.

"ಮಿಷಿನ್ನು ಕೆಟ್ಟಿರಲ್ಲ ಅಣ್ಣಾ, ಜನ ಕೆಟ್ಟಿರ್ತಾರೆ," ಎಂದು ಹಲ್ಲು ಕಡಿಯುತ್ತಿದ್ದ.

"ಹಂಗಾದ್ರೆ ಜನಕ್ಕೇ ಸ್ಕ್ರೂಡ್ರೈವರ್ ಹಾಕೋ," ಎಂದೆ ಒಂದು ಸಲ.

"ತಲೆ ಕೊಡ್ಲಿ, ಹಾಕ್ತೀನಿ."

ನೇಕಾರರ ಬೀದಿಯ ಯಜಮಾನರು ಕೋದಂಡರಾಮಯ್ಯನವರು ಮಗಳು ಅರುಣಾಳ ಓದಿಗೆಂದು ಕಂಪ್ಯೂಟರ್ ತಂದು ಪವರ್‌ಲೂಮಿನ ಪಕ್ಕದ ಕೋಣೆಯಲ್ಲಿ ಇಟ್ಟಿದ್ದರು. ನೂಲಿನ ಧೂಳು ಒಳಗಿನ ಫ್ಯಾನಿಗೆ ಮೆತ್ತಿ ಅದು ನಿಂತುಹೋಯಿತು. ಹೈದರ್ ಹೋಗಿ ಧೂಳು ಬಿಡಿಸಿ ಬಂದ. ಆ ಬೀದಿಯಲ್ಲಿ ಕಂಪ್ಯೂಟರ್ ಕೊಳ್ಳಲು ಇನ್ನೂ ಕೆಲವರು ತುದಿಗಾಲಲ್ಲಿದ್ದರು. ಯಜಮಾನರು ಒಂದು ಒಳ್ಳೆಯ ಮಾತು ಆಡಿದರೆ ಬೀದಿಯೇ ಅವನದು. ಕೆಟ್ಟದ್ದು ಆಡಿದರೆ ಮತ್ತೆ ರೇಡಿಯೋ.

ವಾರ ತುಂಬುವ ಮೊದಲೇ ಯಜಮಾನರು ಬಂದು ನನ್ನ ಗಿರಾಕಿಗಳೆದುರು ಕೂಗಿದರು: "ಏನಪ್ಪಾ ಹೈದರ್, ರಿಪೇರಿ ಮಾಡು ಅಂದ್ರೆ ಕೊಂದೇ ಹಾಕ್ಬಿಟ್ಯಲ್ಲ! ಹೊಗೆ ಬಂತು ಅದರೊಳಗಿಂದ!"

ಹೈದರ್ ಅವರ ಮನೆಗೆ ಹೊರಟ; ತಮಾಷೆ ನೋಡಲು ನಾನೂ ಹಿಂದೆ ಹೋದೆ. ಬಾಗಿಲಲ್ಲಿ ಅರ್ಧ ಬೀದಿ ಸೇರಿತ್ತು. ಹೈದರ್ ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸಿ ಹೊರತೆಗೆದ. ಎಣ್ಣೆ ತೊಟ್ಟಿಕ್ಕಿತು. ಮಗ್ಗದ ಎಣ್ಣೆಯ ವಾಸನೆಯನ್ನು ಆ ಬೀದಿಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಯಾರು ಹಾಕಿದ್ದು?"

"ನಾನೇ," ಎಂದರು ಯಜಮಾನರು. "ಫ್ಯಾನು ಗುರ್ ಅಂತಿತ್ತು. ಬೆಳಗಾದ್ರೆ ಮಗ್ಗಕ್ಕೆ ಎಣ್ಣೆ ಬಿಡೋನು ನಾನು. ಹಿಂದ್ಗಡೆ ತೂತಲ್ಲಿ ಇದಕ್ಕೂ ಬಿಟ್ಟೆ. ಬಿಡ್ಬೇಡಿ ಅಂತ ನೀನು ಹೇಳಿದ್ಯಾ?"

"ಟೀವಿಗೂ ಬಿಡ್ತೀರಾ ಯಜಮಾನ್ರೇ?"

"ಟೀವಿ ತಿರುಗಲ್ಲ ಕಣಯ್ಯಾ!"

ಬೀದಿಯೇ ನಕ್ಕಿತು. ನನಗೂ ನಗು ತಡೆಯಲಿಲ್ಲ. ಹೈದರನ ಕಿವಿ ಕೆಂಪಾಯಿತು.

"ಹೈದರ್ ಕೊಂದ ಅಂತ ಅಂಗಡಿ ಮುಂದೆ ಕೂಗಿದ್ರಲ್ಲ, ಎಣ್ಣೆ ಬಿಟ್ಟಿದ್ದು ನಾನೇ ಅಂತ ಅಲ್ಲೇ ಬಂದು ಕೂಗಿ. ಆಮೇಲೆ ಮುಚ್ಚಳ ಹಾಕ್ತೀನಿ."

"ಅಪ್ಪಾ, ಒಂದ್ಮಾತು ಹೇಳ್ಬಿಟ್ಟು ಬನ್ನಿ," ಎಂದಳು ಅರುಣಾ.

"ಒಳಗೆ ಹೋಗೇ. ಇವನ ಅಂಗಡಿ ಮುಂದೆ ನಾನು ಕೂಗ್ಬೇಕಾ?"

"ಹಂಗಾದ್ರೆ ಎಣ್ಣೆ ಇದೆ, ಬೋಂಡಾ ಕರ್ಕೊಂಡು ತಿನ್ನಿ," ಎಂದು ಹೈದರ್ ಚೀಲ ಎತ್ತಿ ಹೊರಟೇಬಿಟ್ಟ.

ಆ ಬೀದಿಯಿಂದ ಮತ್ತೆ ಯಾರೂ ಅವನನ್ನು ಕರೆಯಲಿಲ್ಲ. ಅವನಿಗೆ ಕೊಬ್ಬು ಜಾಸ್ತಿಯೆಂಬ ಸುದ್ದಿ ನನ್ನ ಅಂಗಡಿಗೂ ಬಂತು. ಹೈದರ್ ರೇಡಿಯೋಗೆ ಮರಳಿದ; ಯಜಮಾನರೂ ಬೇರೆ ಯಾರನ್ನೂ ಕರೆಸದೆ ಬಿಗಿದುಕೊಂಡೇ ಇದ್ದರು.

ಆಯುಧಪೂಜೆಗೆ ಅವರ ಮನೆಗೆ ಹೋದಾಗ ನೋಡಿದೆ: ಮಗ್ಗಗಳ ಸಾಲಿನಲ್ಲೇ ಕಂಪ್ಯೂಟರ್. ಮುಚ್ಚಳವಿಲ್ಲ. ಒಳಗೆಲ್ಲ ಚೆಂಡುಹೂವು. ಬಂದು ಹೈದರನಿಗೆ ಹೇಳಿದೆ. ಅವನು ಬಿಚ್ಚಿಟ್ಟ ರೇಡಿಯೋದಿಂದ ತಲೆ ಎತ್ತಲಿಲ್ಲ.

"ಫ್ಯಾನಿಗೂ ಕುಂಕುಮ ಇಟ್ಟಿದ್ರಾ ಅಣ್ಣಾ?"

"ಇಟ್ಟಿದ್ರು ಕಣೋ."

"ನೋಡ್ತಿರಿ, ಅದನ್ನ ಇಟ್ಟಿದ್ದೂ ಹೈದರನೇ ಅಂತಾರೆ."